ಗೊಂಜಾಳದ ವಡಿಯೂ ಚಿಗವ್ವನ ದನಿಯೂ

ರೋಣದ ನಮ್ಮ ಮನೆಯಲ್ಲಿ ಯಾರು ಎಲ್ಲಿದ್ದಾರೆ ಅಂತ ತಿಳಿಯಲು ಕಣ್ಣು ಬೇಕಾಗಿರಲಿಲ್ಲ. ಪಡಸಾಲೆಯಲ್ಲಿ ಅಪ್ಪ ಒಂದು ಸಲ ಕೆಮ್ಮಿದರೆ ಯಾರೋ ಬಂದಿದ್ದಾರೆ ಅಂತ ಅರ್ಥ; ಎರಡು ಸಲ ಕೆಮ್ಮಿದರೆ ಬಂದವರು ಲಗೂನೆ ಎದ್ದು ಹೋಗಲಿ ಅಂತ ಅರ್ಥ. ದನ ಕಟ್ಟುವ ಕಡೆಯಿಂದ ಬಳೆ ಸಪ್ಪಳದ ಸಂಗಡ ಬೈಗುಳ ಕೇಳಿದರೆ ಅವ್ವ ಎಮ್ಮೆ ಹಿಂಡುತ್ತಿದ್ದಾಳೆ. ಬಳೆ ಸಪ್ಪಳವಿಲ್ಲದೆ ಬರೀ ಬೈಗುಳ ಕೇಳಿದರೆ ನನ್ನನ್ನು ಹುಡುಕುತ್ತಿದ್ದಾಳೆ. ಅಡಿಗೆಮನೆಯಿಂದ ಸುರ್‌ರ್ ಅಂತ ಮೂರು ಸಲ ಉದ್ದಕ್ಕೆ ಕೇಳಿಬಂದರೆ ಅದು ಆಯಿ, ಅಂದರೆ ನನ್ನ ಅಪ್ಪನ ತಾಯಿ, ಬಸಿಯಲ್ಲಿ ಚಹಾ ಕುಡಿಯುವ ಸಪ್ಪಳ. ನಾಲ್ಕನೆಯ ಸುರ್ ಕೇಳಿದರೆ ಅದು ನಾನು. ಬಾಗಿಲ ಸಂದಿಯಲ್ಲಿ ನಿಂತು ಆಯಿಯ ಬಾಯಿಂದ ಚಹಾ ಇಲ್ಲದೆಯೇ ಚಹಾ ಕುಡಿಯುತ್ತಿದ್ದೆ. ಆಗ ಊರಲ್ಲಿ ದನಿ ಹಿಡಿದಿಡುವ ಯಂತ್ರ ಯಾರ ಮನೆಯಲ್ಲೂ ಇರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ನಾನಿದ್ದೆ, ಕೀಲಿ ಕೊಡುವುದೇ ಬೇಡ, ನಿಲ್ಲಿಸಲು ಮಾತ್ರ ಕಟ್ಟಿಗೆ ಬೇಕಾಗುತ್ತಿತ್ತು. ಸಾಲಿ ಮಾಸ್ತರರು ಮೂಗಿನಿಂದ ಮಗ್ಗಿ ಹೇಳುವುದು, ಅಪ್ಪನ ಎರಡು ನಮೂನೆಯ ಕೆಮ್ಮು, ಅವ್ವ ಎಮ್ಮೆಗೆ ಬೈಯುವ ದನಿ ಬೇರೆ, ಅದೇ ಬೈಗುಳವನ್ನು ನನಗೆ ಬೈಯುವ ದನಿ ಬೇರೆ, ಎಲ್ಲಾ ನನ್ನ ಗಂಟಲಲ್ಲಿ ಸಾಲಾಗಿ ಕೂತಿದ್ದವು. ಆಯಿ ನನ್ನನ್ನು ಹೆಸರಿನಿಂದ ಕರೆದದ್ದು ನನಗೆ ನೆನಪಿಲ್ಲ. ‘ಲೇ ಬಹುರೂಪ್ಯಾ’ ಅನ್ನುತ್ತಿದ್ದಳು.

ಆಯಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಾಗಿಲು ಯಾವುದು, ಬಾಗಿಲಿಗೆ ಅಡ್ಡ ನಿಂತ ಮೊಮ್ಮಗ ಯಾವುದು ಅನ್ನುವಷ್ಟು ಮಾತ್ರ ಕಾಣುತ್ತಿತ್ತು. ಆದರೂ ಅಡಿಗೆಮನೆಯ ರಾಜ್ಯ ಅವಳದೇ. ಒಲೆಯಿಂದ ಎರಡು ಮಾರು ದೂರ ಮಣೆಯ ಮೇಲೆ ಕೂತು ಕಿವಿಯಿಂದಲೇ ಆಳುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ‘ಹಿಟ್ಟ ಗಟ್ಟಿ ಆಗೈತಿ, ಎರಡ ಹನಿ ನೀರ ತೋರಸು’ ಅನ್ನುವಳು. ಸಾರು ಕುದಿಯುವುದನ್ನು ಕೇಳಿ ಉಪ್ಪು ಹಾಕಿಲ್ಲ ಅಂತ ಹೇಳುವಳು ಅಂತ ಅವ್ವ ಪ್ರಮಾಣ ಮಾಡುತ್ತಿದ್ದಳು, ಅದನ್ನು ನಾನು ಪೂರ್ತಿ ನಂಬುವುದಿಲ್ಲ. ‘ಆಯಿಯ ಕಿವಿ ತಪ್ಪಂಗಿಲ್ಲ’ ಅನ್ನುವುದು ಮಾತ್ರ ನಮ್ಮ ಮನೆಯಲ್ಲಿ ದೇವರ ಮಾತಿನಷ್ಟೇ ಗಟ್ಟಿ. ಕಣ್ಣು ಹೋದ ಮೇಲೆ ಅವಳ ಹತ್ತಿರ ಉಳಿದದ್ದು ಆ ಕಿವಿ ಎರಡು, ಮತ್ತೆ ಮೂಗಿಗೇರಿಸುವ ತಪಕೀರಿನ ಡಬ್ಬಿ.

ಅಡಿಗೆಮನೆಗೆ ಆಯಿ ಹಾಕಿದ ಕಟ್ಟಳೆಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು. ಹೊಸ ಸೊಸೆ ರೊಟ್ಟಿ ಬಡಿಯಬಹುದು, ಪಲ್ಯ ಮಾಡಬಹುದು, ಹೋಳಿಗೆಯನ್ನೂ ಲಟ್ಟಿಸಬಹುದು. ಕರಿಯುವ ಬಾಣಲೆ ಮಾತ್ರ ಆಯಿ ‘ಇಡು’ ಅಂದ ದಿನವೇ ಇಡಬೇಕು. ಅವ್ವನಿಗೆ ಆ ದಿನ ಬಂದದ್ದು ನಾನು ಹುಟ್ಟಿದ ಮೇಲಂತೆ. ಎರಡನೆಯದು, ಬಾಣಲೆ ಒಲೆಯ ಮೇಲೇರಿತು ಅಂದರೆ ಅದರೊಳಗಿನ ಎಣ್ಣೆಯ ಹೆಸರನ್ನು ಯಾರೂ ಎತ್ತುವಂತಿಲ್ಲ. ‘ಅದು’ ಅನ್ನಬೇಕು. ಅದು ಕಾದೈತೇನು, ಅದಕ್ಕ ಇನ್ನಷ್ಟ ಉರಿ ಬೇಕು, ಹೀಗೆ. ಯಾಕೆ ಅಂತ ಕೇಳಿದ್ದಕ್ಕೆ ಆಯಿ ಹೇಳಿದ್ದು:

“ಹೆಸರ ಹಿಡದ ಕರದ್ರ ನೀ ಎದ್ದ ಬರತೀ ಇಲ್ಲೋ? ಹಂಗ ಅದೂ ಎದ್ದು ವಡಿಯೊಳಗ ಹೋಗಿ ಕೂಡತೈತಿ. ಆಮ್ಯಾಲ ಹಿಂಡಿದ್ರೂ ಹೊರಗ ಬರೂದಿಲ್ಲ, ನಿನ್ನಂಗ.”

ಇಂಥ ಮನೆಗೆ ಚಿಗವ್ವ ಬಂದಳು. ನನ್ನ ಕಾಕಾನ ಹೆಂಡತಿ, ಹೆಸರು ನೀಲವ್ವ. ಕಾಕಾ ಗಜೇಂದ್ರಗಡದಲ್ಲಿ ಮಗ್ಗದ ಕೆಲಸ ನೋಡಿಕೊಂಡಿದ್ದ, ಶನಿವಾರ ಸಂಜೆ ಬಂದರೆ ಸೋಮವಾರ ನಸುಕಿನಲ್ಲಿ ಹೋಗುತ್ತಿದ್ದ. ಅಷ್ಟರೊಳಗೆ ಅವನು ಹೆಂಡತಿಯ ಜತೆ ಮಾತಾಡಿದ್ದನ್ನು ನಾನು ಕೇಳಿದ್ದು ಎರಡೇ ಸಲ, ಎರಡು ಸಲವೂ ‘ನೀರ ಕಾದಾವೇನು’ ಅಂತ. ಚಿಗವ್ವ ಕೊಣ್ಣೂರಿನವಳು, ಮಲಪ್ರಭಾ ಹೊಳೆಯ ದಂಡೆಯ ಮನೆ. ನಮ್ಮ ಎರಿ, ಅಂದರೆ ಕರಿಮಣ್ಣಿನ, ಹೊಲದ ಮಂದಿಗೆ ಹೊಳೆಯ ಕಡೆಯವರು ಅಂದರೆ ಸ್ವಲ್ಪ ನೀರು ಜಾಸ್ತಿ ಕುಡಿದು ಬೆಳೆದವರು ಅನ್ನುವ ಭಾವ. ಮೈ ಸಣ್ಣಗೆ, ಕೈಕಾಲು ಸಣ್ಣಗೆ, ದನಿ ಮಾತ್ರ ದಪ್ಪ. ದಪ್ಪ ಅಂದರೆ ಸಾದಾ ದಪ್ಪ ಅಲ್ಲ, ಕಬ್ಬಿನ ಒಣಗಿದ ರವದಿಯ ಮೇಲೆ ಚಕ್ಕಡಿ ಗಾಲಿ ಹಾಯ್ದಂಥ ದನಿ. ಮನೆ ತುಂಬಿಸಿಕೊಂಡ ದಿನ ಹೊಸ್ತಿಲ ಹೊರಗೆ ನಿಂತು ಗಂಡನ ಹೆಸರಿಗೆ ಒಡಪು ಕಟ್ಟಿ ಹೇಳಿದಾಗ, ಒಳಗಿದ್ದ ಅಪ್ಪ ‘ಯಾರ್ರಿ ಗಣಮಗ ಹೆಸರ ಹೇಳಾಕತ್ತಾನ?’ ಅಂತ ಇಣುಕಿ ನೋಡಿದ. ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ಚಿಗವ್ವನೂ ಸೆರಗು ಬಾಯಿಗೆ ಹಿಡಿದಳು. ನಗು ಮುಗಿದ ಮೇಲೆ ಉಳಿದವರೆಲ್ಲ ಸೆರಗು ತೆಗೆದರು, ಅವಳು ತೆಗೆಯಲಿಲ್ಲ.

ಆ ದನಿ ಹಿಡಿಯಲು ನನಗೆ ಎಂಟು ದಿನ ಬೇಕಾದವು. ಅವಳು ಮಾತಾಡುವುದೇ ಅಪರೂಪ, ನಕಲು ತೆಗೆಯುವವನಿಗೆ ಅದರಷ್ಟು ತ್ರಾಸಿನದು ಇನ್ನೊಂದಿಲ್ಲ. ಬಾವಿಕಟ್ಟೆಯ ಹಿಂದೆ, ಹಿತ್ತಲಲ್ಲಿ, ಎಮ್ಮೆಯ ಮುಂದೆ ತಾಲೀಮು ಮಾಡಿದೆ. ಗಂಟಲಿನ ತಳದಿಂದ ಎತ್ತಿ, ಮೂಗಿನ ಹತ್ತಿರ ಒಂದಿಷ್ಟು ತಂದು, ಮಾತಿನ ಕೊನೆಗೆ ಕೈಬಿಟ್ಟುಬಿಡಬೇಕು. ಒಂದು ಮುಂಜಾನೆ ಎಮ್ಮೆ ತಿರುಗಿ ನೋಡಿತು. ಆಗ ಬಂತು ಅಂತ ಗೊತ್ತಾಯಿತು.

ಪಂಚಮಿ ಕಳೆದ ಮೇಲೆ ಕೊಣ್ಣೂರಿನಿಂದ ಅವಳ ಅಣ್ಣ ಒಂದು ಚೀಲ ಎಳೆಯ ಗೊಂಜಾಳದ ತೆನೆ ಕಳಿಸಿಕೊಟ್ಟ. ಗೋವಿನಜೋಳಕ್ಕೆ ನಾವು ಗೊಂಜಾಳ ಅನ್ನುತ್ತೇವೆ. ಆಯಿಯ ತವರು ಯಾವಗಲ್ಲು, ಅಲ್ಲಿಯೂ ಬಿಳಿಜೋಳದ ಎರಿ. ಅವಳ ಲೆಕ್ಕದಲ್ಲಿ ಗೊಂಜಾಳ ದನಕ್ಕೆ ಹಾಕುವುದು, ಇಲ್ಲವೆ ಹುಡುಗರು ಕೆಂಡದಲ್ಲಿ ಸುಟ್ಟು ತಿಂದು ಮುಸುಡಿ ಕರಿ ಮಾಡಿಕೊಳ್ಳುವುದು. ಚೀಲ ಬಿಚ್ಚುತ್ತಿದ್ದಂತೆ ಸೆರಗಿನ ಹಿಂದಿನಿಂದ ಆ ಚಕ್ಕಡಿ ದನಿ ಬಂತು:

“ಅತ್ತಿ, ನಮ್ಮೂರಾಗ ಇದರ ವಡಿ ಮಾಡತಾರ್ರಿ. ಗರಿಗರಿ ಆಗತಾವ. ಇವತ್ತ ನಾ ಮಾಡ್ಲೇನ್ರಿ?”

ಬಂದು ನಾಲ್ಕು ತಿಂಗಳಾಗಿತ್ತು. ಈ ಮನೆಯಲ್ಲಿ ಅವಳು ತಾನಾಗಿ ಕೇಳಿದ ಮೊದಲನೆಯ ಮಾತು ಅದು. ಅವ್ವ ಕಸಬರಿಗೆ ಹಿಡಿದವಳು ಹಾಗೇ ನಿಂತಳು. ಆಯಿ ಒಂದು ಚಿಟಿಕೆ ತಪಕೀರು ಏರಿಸಿ, ಸೀನಿ, ಮೂಗು ಒರೆಸಿಕೊಂಡು ಹೇಳಿದಳು:

“ಇಡು ಬಾಣಲಿ. ನೋಡೂನು ನಿಮ್ಮ ಕೊಣ್ಣೂರ ಗರಿಗರಿ.”

ಆ ಮಧ್ಯಾಹ್ನ ನಡುಮನೆಯ ತುಂಬ ಹಸಿರು ಸಿಪ್ಪೆ. ಚಿಗವ್ವ ಪ್ರತಿ ತೆನೆಗೂ ಉಗುರು ಚುಚ್ಚಿ ನೋಡುತ್ತಿದ್ದಳು. ಹಾಲು ಚಿಮ್ಮಿದ್ದು ಇತ್ತ, ಹಾಲು ಗಟ್ಟಿಯಾದದ್ದು ಅತ್ತ. ಈಳಿಗೆಗೆ ತೆನೆ ಒತ್ತಿ ಕಾಳು ಕೆರೆದು, ಒರಳಲ್ಲಿ ಹಾಕಿ, ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿದಳು, ಅರೆಯಲಿಲ್ಲ. ನೀರು ಒಂದು ಹನಿ ಇಲ್ಲ, ಕಾಳಿನ ಹಾಲೇ ಸಾಕು. ಕೊತ್ತಂಬರಿ, ಹೆಚ್ಚಿದ ಉಳ್ಳಾಗಡ್ಡಿ, ಕೈ ಹಿಡಿದಷ್ಟು ಕಡಲೆಹಿಟ್ಟು. ನಾನು ತೆನೆಯ ಕೂದಲನ್ನು ಮೂಗಿನ ಕೆಳಗೆ ಅಂಟಿಸಿಕೊಂಡು ಅಪ್ಪನಾಗಿ ಕೆಮ್ಮಿದೆ, ಬರೀ ಎರಡು ಸಲ. ಆಯಿ ಅಪ್ಪನೇ ಅಂದುಕೊಂಡು ‘ಯಾರ ಬಂದಾರೋ’ ಅಂದಳು. ಚಿಗವ್ವ ನಕ್ಕದ್ದು ಆಗಲೇ ಇರಬೇಕು, ಸೆರಗು ಅಲುಗಾಡಿತು. ಅವ್ವ ನನ್ನ ಮೀಸೆ ಕಿತ್ತು, ಕಿವಿ ಹಿಡಿದು ಹೊರಗೆ ದಬ್ಬಿದಳು. ಬಾಣಲೆ ಇಳಿಯುವವರೆಗೆ ಒಳಗೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಅಂದಳು. ಕಾಲು ಇಡಬಾರದು ಅಂದರೆ ಬಾಯಿ ಇಡಬಹುದಲ್ಲ.

ನಮ್ಮ ಕಡೆಯ ಮಾಳಿಗೆ ಮನೆಗಳ ಮೇಲೆ ಮಣ್ಣಿನ ಮಟ್ಟಸ ಚಾವಣಿ. ಒಲೆಯ ನೇರಕ್ಕೆ ಹೊಗೆ ಹೋಗಲು, ಬೆಳಕು ಬರಲು ಒಂದು ಬೆಳಕಿಂಡಿ ಬಿಟ್ಟಿರುತ್ತಾರೆ. ನಿಚ್ಚಣಿಕೆ ಏರಿ ಹೋಗಿ ಆ ಕಿಂಡಿಯ ಪಕ್ಕ ಹೊಟ್ಟೆಯ ಮೇಲೆ ಮಲಗಿದೆ. ಕೆಳಗೆ ಬಾಣಲೆ, ಬಾಣಲೆಯ ಮುಂದೆ ಚಿಗವ್ವನ ನೆತ್ತಿ, ಆಚೆ ಮಣೆಯ ಮೇಲೆ ಕಿವಿ ನಿಮಿರಿಸಿಕೊಂಡ ಆಯಿ. ಔಡಲದ ಎಲೆಯ ಮೇಲೆ ತಟ್ಟಿದ ವಡಿಗಳನ್ನು ಚಿಗವ್ವ ಒಂದೊಂದಾಗಿ ಜಾರಿಸಿದಳು. ಚೊಂಯ್ ಅಂತ ಸಪ್ಪಳ ಎದ್ದಿತು. ಆಯಿಯ ತಲೆ ಒಂದಿಷ್ಟು ಆಡಿತು, ಅಂದರೆ ಪಾಸು. ಉರಿ ಸಣ್ಣಗಾದದ್ದಕ್ಕೆ ಅವ್ವ ಹತ್ತಿಕಟ್ಟಿಗೆ ತರಲು ಹಿತ್ತಲಿಗೆ ಹೋದಳು. ಅಷ್ಟು ಹೊತ್ತು ಮಾತಿಲ್ಲದ ಅಡಿಗೆಮನೆ, ನನ್ನ ಬಾಯಿಯ ನೇರಕ್ಕೆ ಒಂದು ತೂತು, ಎಂಟು ದಿನ ಎಮ್ಮೆಯೊಂದೇ ಕೇಳಿದ ಒಂದು ದನಿ. ಏನು ಮಾಡಲಿ, ತಡೆಯಲಾಗಲಿಲ್ಲ. ಗಂಟಲ ತಳದಿಂದ ಎತ್ತಿ, ಮೂಗಿನ ಹತ್ತಿರ ತಂದು ಬಿಟ್ಟೆ:

“ಅತ್ತಿ, ನೀವು ಚಾ ಕುಡದಂಗ ಎಣ್ಣಿ ಕುಡ್ಯಾಕತ್ತಾವಲ್ರಿ ಈ ವಡಿ!”

ಕೆಳಗೆ ಯಾರೂ ನಗಲಿಲ್ಲ. ಚಿಗವ್ವನ ಕೈಯಲ್ಲಿದ್ದ, ವಡಿ ಎತ್ತುವ ತೂತಿನ ಝಾರಿ ಗಾಳಿಯಲ್ಲಿ ನಿಂತಿತು. ಆಯಿಯ ಮುಖ ಗೋಡೆಯ ಬಣ್ಣಕ್ಕೆ ತಿರುಗಿತು. ಹೆಸರು ಎತ್ತಬಾರದ್ದರ ಹೆಸರು ಎತ್ತಿದ್ದು ಒಂದು. ಅತ್ತೆಯ ಚಹಾಕ್ಕೆ ಹೋಲಿಸಿದ್ದು ಇನ್ನೊಂದು. ಅದೂ ಬಾಣಲೆ ಹಿಡಿಸಿದ ಮೊದಲ ದಿನ.

“ಇಳಸು.”

ಚಿಗವ್ವ ಇಳಿಸಿದಳು. ಕೊಣ್ಣೂರಿನ ಪದ್ಧತಿಯಲ್ಲಿ ಆ ವಡಿಯನ್ನು ಎರಡು ಸಲ ಕರಿಯುತ್ತಾರೆ. ಮೊದಲು ಅರೆಬೆಂದದ್ದು ತೆಗೆದು, ಆರಿಸಿ, ಅಂಗೈಯಿಂದ ಒತ್ತಿ, ಆಮೇಲೆ ದೊಡ್ಡ ಉರಿಯಲ್ಲಿ ಮತ್ತೊಮ್ಮೆ ಬಿಡುತ್ತಾರೆ. ಗರಿಗರಿ ಬರುವುದು ಆ ಎರಡನೆಯ ಸಲಕ್ಕೆ. ಇದು ಆಯಿಗೆ ಗೊತ್ತಿರಲಿಲ್ಲ. ಒಲೆಯಿಂದ ಇಳಿದು ತಣ್ಣಗಾದ ಬಾಣಲೆಯಲ್ಲಿ ಅರೆಬೆಂದ ವಡಿಗಳು ತೇಲುತ್ತ ಬೇಕಾದಷ್ಟು ಕುಡಿದವು. ಆಯಿ ಬಾಣಲೆಯ ಹತ್ತಿರ ಸರಿದು, ಕೈ ಚಾಚಿ ಒಂದನ್ನು ಎತ್ತಿ ಒತ್ತಿದಳು. ಬೆರಳುಗಳ ನಡುವಿನಿಂದ ‘ಅದು’ ಮೊಣಕೈಯವರೆಗೆ ಹರಿಯಿತು.

“ಇದೇನವಾ ನಿಮ್ಮೂರ ಗರಿಗರಿ? ಒದ್ದಿ ಅರಬಿ ಹಿಂಡಿದಂಗ ಆತು.”

ಚಿಗವ್ವ ತಲೆ ಎತ್ತಿ ಬೆಳಕಿಂಡಿ ನೋಡಿದಳು. ನನ್ನ ಮುಖ ಅಲ್ಲೇ ಇತ್ತು. ಕಣ್ಣಿಗೆ ಕಣ್ಣು ಕೂಡಿದವು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ ನಾನು ಓಡಲು ಮೊಣಕಾಲು ಮಡಚಿಕೊಂಡೆ. ಅವಳು ತಲೆ ತಗ್ಗಿಸಿ ಝಾರಿ ತೊಳೆಯಲು ಹೋದಳು.

ಆ ದಿನದಿಂದ ಆಯಿ ಅವಳನ್ನು ಮಾತಾಡಿಸುವುದು ಬಿಟ್ಟಳು. ಮರುದಿನ ನನ್ನನ್ನು ಕರೆದು ಕೂರಿಸಿ, ಕೊಣ್ಣೂರಿಗೆ ಒಂದು ಕಾರ್ಡು ಬರೆ ಅಂದಳು. ಮನೆಯಲ್ಲಿ ಪತ್ರ ಬರೆಯುವ ಕೆಲಸ ನನ್ನದು, ಯಾಕೆಂದರೆ ಹೇಳಿದವರ ದನಿ ಕಾಗದದಲ್ಲೂ ಬರುತ್ತದೆ ಅಂತ ಎಲ್ಲರ ಹೊಗಳಿಕೆ. ಆಯಿ ಹೇಳಿದ್ದು ಇಷ್ಟು: ನಿಮ್ಮ ತಂಗಿಯನ್ನು ಬಂದು ಕರಕೊಂಡು ಹೋಗ್ರಿ, ದೊಡ್ಡವರ ಮುಂದೆ ನಾಲಿಗೆ ಹ್ಯಾಂಗ ಹಿಡೀಬೇಕು ಅನ್ನೂದ ಕಲಿಸಿ, ಕಲತಳು ಅನಿಸಿದಾಗ ಕಳಸ್ರಿ. ಕಲಿತಳು ಅನ್ನಿಸುವುದು ಯಾವಾಗ? ನಮ್ಮ ಓಣಿಯಲ್ಲೇ ಹಾಗೆ ಕಲಿಯಲು ಹೋದ ಒಬ್ಬ ಸೊಸೆ ಆರು ವರ್ಷವಾದರೂ ಕಲಿಯುತ್ತಲೇ ಇದ್ದಳು. ನನ್ನ ಲೆಕ್ಕಣಿಕೆ ‘ಉಭಯಕುಶಲೋಪರಿ’ವರೆಗೆ ಹೋಗಿ ನಿಂತಿತು. ಆಮೇಲೆ ತಾನೇ ಹೊರಟು ಹೀಗೆ ಬರೆಯಿತು: ‘ತಾವು ಒಮ್ಮೆ ಬಂದು ಹೋಗಬೇಕು. ಬರುವಾಗ ಒಂದು ಚೀಲ ಎಳೆಯ ಗೊಂಜಾಳ ತರಬೇಕು.’ ಓದಿ ಹೇಳು ಅಂದಾಗ ಮಾತ್ರ ಆಯಿ ಹೇಳಿದ್ದನ್ನೇ ಆಯಿಯ ದನಿಯಲ್ಲೇ ಓದಿದೆ. ‘ಚಲೋ ಬರದೀ’ ಅಂದಳು. ನನಗೆ ಗೊತ್ತಿತ್ತು, ಇದರಿಂದ ಸಿಕ್ಕುವುದು ಬರೀ ನಾಲ್ಕು ದಿನದ ವಾಯಿದೆ. ಅಣ್ಣ ಬಂದೇ ಬರುತ್ತಾನೆ, ಆಯಿ ಬಾಯಿಯಿಂದಲೇ ಹೇಳುತ್ತಾಳೆ.

ಆ ನಾಲ್ಕು ದಿನದಲ್ಲಿ ನಾನು ಎರಡು ಸಲ ತಪ್ಪೊಪ್ಪಿಕೊಂಡೆ. ಮೊದಲು ಅವ್ವನ ಮುಂದೆ. ಸೆಗಣಿ ತಟ್ಟುತ್ತಿದ್ದವಳ ಮುಂದೆ ನಿಂತು, ಕೈಕಟ್ಟಿ, ‘ಅವ್ವಾ, ಆ ಮಾತು ಅಂದಾಂವ ನಾನು’ ಅಂದೆ. ಅವ್ವ ತಲೆ ಎತ್ತಿ ನೋಡಿ,

“ಇದ ಯಾರ ದನಿ? ಸಾಲಿ ಮಾಸ್ತರದೇನು? ಚಂದ ಬಂದೈತಿ. ಹೋಗು, ಎಮ್ಮಿಗೆ ನೀರ ಕುಡಸು” ಅಂದಳು.

ಗಂಭೀರವಾಗಿ ಮಾತಾಡಿದಾಗೆಲ್ಲ ನಾನು ಯಾರದೋ ನಕಲು ತೆಗೆಯುತ್ತಿದ್ದವನೇ ಆದ್ದರಿಂದ, ಖರೇ ಗಂಭೀರವಾದ ದಿನ ನನ್ನ ಹತ್ತಿರ ಅದಕ್ಕೆ ಬೇರೆ ದನಿಯೇ ಇರಲಿಲ್ಲ. ಆಮೇಲೆ ಆಯಿಯ ಮುಂದೆ ಹೋದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ನನ್ನ ಕಣ್ಣಷ್ಟ ಹೋಗ್ಯಾವ, ಕಿವಿ ಹೋಗಿಲ್ಲ. ಆಕಿ ಕಲಿಸಿ ಕಳಿಸ್ಯಾಳೇನು ನಿನ್ನ?”

“ಇಲ್ಲ ಆಯಿ, ಖರೇನ ನಾನ ಅಂದದ್ದು.”

“ಹಂಗಾರ ಅನ್ನು ಈಗ.”

ಅನ್ನಲು ಬಾಯಿ ತೆರೆದೆ. ಹೆದರಿದ ಗಂಟಲು, ತಳವೂ ಸಿಗಲಿಲ್ಲ ಮೂಗೂ ಸಿಗಲಿಲ್ಲ. ಬಂದದ್ದು ಒಂದು ಕೀಚು ದನಿ.

“ಇದು ನೀಲವ್ವನ ದನಿ? ಕೋಳಿ ತತ್ತಿ ಇಟ್ಟಂಗ ಐತಿ. ಹೋಗಿ ಹೇಳು ಆಕೀಗೆ, ಹುಡುಗನ್ನ ಮುಂದ ಮಾಡೂದ ಬ್ಯಾಡ ಅಂತ.”

ಹೀಗೆ ನನ್ನ ತಪ್ಪೊಪ್ಪಿಗೆಯಿಂದ ಚಿಗವ್ವನ ಲೆಕ್ಕಕ್ಕೆ ಇನ್ನೊಂದು ತಪ್ಪು ಸೇರಿತು. ನನ್ನಂಥ ಉಪಕಾರಿಯ ಕೈಗೆ ಯಾರೂ ಸಿಗಬಾರದು.

ಮಧ್ಯಾಹ್ನ ಅವಳು ನಡುಮನೆಯಲ್ಲಿ ಒಬ್ಬಳೇ ಜೋಳ ಹಸನು ಮಾಡುತ್ತ ಕೂತಿದ್ದಳು. ಎದುರಿಗೆ ಹೋಗಿ ಕೂತೆ. ಅವಳು ಮೊರ ಒಂದಿಷ್ಟು ಸರಿಸಿ ಜಾಗ ಮಾಡಿಕೊಟ್ಟಳು, ಅಷ್ಟೆ. ನಾನೇ ಶುರು ಮಾಡಿದೆ:

“ಚಿಗವ್ವಾ, ನೀನರ ಹೇಳಬೇಕಿತ್ತಲ್ಲ, ನಾನ ಅಂತ.”

“ಹೇಳಿದ್ರ ನಂಬತಿದ್ರೇನು? ತಾ ಅಂದು ಹುಡುಗನ ಮ್ಯಾಲ ಹಾಕತಾಳ ಅಂತಿದ್ರು.” ಮೊರದಲ್ಲಿ ಎರಡು ಹರಳು ಆರಿಸಿ ಎಸೆದಳು. ಮತ್ತೆ, ನನ್ನ ಕಡೆ ನೋಡದೆ, “ಏ ತಮ್ಮಾ, ನನ್ನ ದನಿ ಖರೇನ ಹಂಗ ಐತೇನು?” ಅಂದಳು.

“ಹ್ಯಾಂಗ?”

“ಅವತ್ತ ಮ್ಯಾಲಿಂದ ಬಂತಲ್ಲ, ಹಂಗ. ಇನ್ನೊಮ್ಮೆ ತಗಿ, ಕೇಳತೇನಿ.”

ಬೈಸಿಕೊಳ್ಳಲು ಹೋದವನಿಗೆ ಇದೊಂದು ವಿಚಿತ್ರ. ಆದರೆ ಅಲ್ಲಿ ಹೆದರಿಕೆ ಇರಲಿಲ್ಲ, ಗಂಟಲಿನ ತಳ ಸಿಕ್ಕಿತು. ‘ಅತ್ತಿ, ನೀರ ಕಾದಾವ್ರಿ’ ಅಂದೆ. ಚಿಗವ್ವನ ಕೈ ಮೊರದೊಳಗೆ ನಿಂತಿತು. ಸೆರಗು ಜಾರಿದ್ದೂ ಅವಳಿಗೆ ಗೊತ್ತಾಗಲಿಲ್ಲ.

“ಇದು ನಮ್ಮವ್ವನ ದನಿ ಐತಲ್ಲೋ” ಅಂದಳು.

ಅವಳ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮುಖ ಈಗೀಗ ಮಸುಕು ಮಸುಕಾಗಿ ನೆನಪು, ದನಿ ಮಾತ್ರ ಹೋಗೇಬಿಟ್ಟಿತ್ತು ಅಂತ ಹೇಳಿದಳು. ಅದು ತನ್ನ ಗಂಟಲಲ್ಲೇ ಬಂದು ಕೂತಿದೆ ಅಂತ ಅವಳಿಗೆ ಯಾರು ಹೇಳಬೇಕು? ತನ್ನ ದನಿ ತನಗೆ ಹೊರಗಿನಿಂದ ಕೇಳುವುದಿಲ್ಲವಲ್ಲ. ಮೊರ ಬದಿಗಿಟ್ಟು ಕೇಳಿದಳು:

“‘ಉಂಡೇನ ಮಗಳ’ ಅಂತ ಅನ್ನು.”

“ಉಂಡೇನ ಮಗಳ?”

“ಹೂಂನವ್ವಾ, ಉಂಡೆ” ಅಂದು ಮೊರ ಎತ್ತಿ ಜೋಳ ಕೇರಲು ಹತ್ತಿದಳು, ಹೊಟ್ಟು ನನ್ನ ಮುಖಕ್ಕೆಲ್ಲ ಹಾರುವ ಹಾಗೆ. ಮರುದಿನವೂ ಕೇಳಿದಳು, ಅದರ ಮರುದಿನವೂ. ಕಿಚಾಯಿಸಲಿಕ್ಕೆ ಅಂತ ಕಲಿತ ದನಿಯನ್ನು ಒಬ್ಬರು ಹಸಿದು ಕೇಳುತ್ತಾರೆ ಅನ್ನುವುದು ನನಗೆ ಹೊಸದು. ತಾಲೀಮು ಮಾತ್ರ ಚಲೋ ಆಯಿತು.

ನಾಲ್ಕನೆಯ ದಿನ ಅವಳ ಅಣ್ಣ ಬಂದ. ಹೆಗಲ ಮೇಲೆ ಚೀಲ, ಮುಖದ ತುಂಬ ನಗು. ನರಗುಂದದಲ್ಲಿ ಮೋಟಾರು ಬಸ್ಸು ಬದಲಿಸಬೇಕಾದಾಗ ನಿದ್ದೆ ಹತ್ತಿ ಎಲ್ಲಿಗೋ ಹೋಗಿ ತಿರುಗಿ ಬಂದನಂತೆ, ಹಾಗಾಗಿ ಮುಂಜಾನೆಯ ಊಟಕ್ಕೆ ಬರಬೇಕಾದವನು ಮಧ್ಯಾಹ್ನ ಬಂದ. ಆಯಿ ಪಡಸಾಲೆಯಲ್ಲಿ ಕೂತಿದ್ದಳು. ಚಿಗವ್ವ ನೀರಿನ ತಂಬಿಗೆ ಕೊಟ್ಟು ಬಾಗಿಲ ಪಕ್ಕ ನಿಂತಳು. ಅವಳ ಸೀರೆಗಳನ್ನು ಗಂಟು ಕಟ್ಟಿ ಇಡಲು ಆಯಿ ಅವ್ವನಿಗೆ ಹಿಂದಿನ ದಿನವೇ ಹೇಳಿದ್ದಳು. ಗಂಟು ನಡುಮನೆಯ ಮೂಲೆಯಲ್ಲಿ ನನಗೆ ಕಾಣುತ್ತಿತ್ತು. ಅಣ್ಣ ಕಾಲು ತೊಳೆದು ಕೂತು ಹೇಳಿದ:

“ಅತ್ತಿ, ನಿಮ್ಮ ಕಾರ್ಡ ಓದಿ ಭಾಳ ಖುಷಿ ಆತ್ರಿ. ಗೊಂಜಾಳ ತರ್ರಿ ಅಂತ ಬರಸಿದ್ರಲ್ಲ. ನೀಲವ್ವನ ಕೈಯಾನ ವಡಿ ನಿಮಗ ಹಿಡಿಸ್ಯಾವು ಅಂತ ನಮ್ಮಪ್ಪ ಓಣಿ ತುಂಬ ಹೇಳಿಕೋತ ಅಡ್ಡಾಡ್ಯಾನ್ರಿ.”

“ನಾ ಬರಸೀನಿ?” ಅಂದಳು ಆಯಿ. ಪೊರೆ ಬಂದ ಆ ಕಣ್ಣುಗಳು ಸೀದಾ ನಾನಿದ್ದ ಕಂಬದ ಕಡೆಗೆ ತಿರುಗಿದವು.

ಓಡಬಹುದಿತ್ತು. ನಿಚ್ಚಣಿಕೆ ಹತ್ತಿರವೇ ಇತ್ತು. ಹೋಗಿ ಆಯಿಯ ಮುಂದೆ ಕೂತೆ. ಅವಳ ಬಲಗೈ ಎತ್ತಿ ನನ್ನ ಗಂಟಲಿಗೆ ಇಟ್ಟುಕೊಂಡೆ. ತಪಕೀರಿನ ವಾಸನೆಯ ತಣ್ಣನೆಯ ಬೆರಳು. ಅವಳು ಕೈ ಎಳೆದುಕೊಳ್ಳುವ ಮೊದಲೇ, ಬೀಗರ ಮುಂದೆ, ಚಿಗವ್ವನ ದನಿಯಲ್ಲಿ ಆ ಮಾತು ಹೇಳಿದೆ, ಚಹಾ ಎಣ್ಣಿ ಸಮೇತ, ಒಂದು ಅಕ್ಷರ ಬಿಡದೆ.

ಬೆರಳು ಗಟ್ಟಿಯಾದವು. ಹಿಸುಕುತ್ತಾಳೆ ಅಂತಲೇ ತಿಳಿದೆ.

“ಇನ್ನೊಮ್ಮೆ.”

ಇನ್ನೊಮ್ಮೆ ಅಂದೆ. ಆಯಿ ಎಡಗೈಯನ್ನು ಗಾಳಿಯಲ್ಲಿ ಚಾಚಿದಳು.

“ನೀಲವ್ವಾ, ಬಾ ಇಲ್ಲಿ.” ಐದು ದಿನದ ಮೇಲೆ ಅವಳನ್ನು ಹೆಸರು ಹಿಡಿದು ಕರೆದದ್ದು. ಚಿಗವ್ವ ಬಂದು ಕೂತಳು. ಆಯಿ ಆ ಕೈಯನ್ನು ಅವಳ ಗಂಟಲಿಗೆ ಇಟ್ಟಳು. “ಮಾತಾಡು.”

“ಏನ ಮಾತಾಡ್ಲಿರಿ, ಅತ್ತಿ?”

ಎರಡು ಗಂಟಲು, ಎರಡು ಕೈ. ಆಯಿ ಒಮ್ಮೆ ಇದನ್ನು, ಒಮ್ಮೆ ಅದನ್ನು ಒತ್ತಿ ನೋಡಿದಳು. ಸಂತೆಯಲ್ಲಿ ಎರಡು ಕುಂಬಳಕಾಯಿ ಹಿಡಿದು ನೋಡುವವಳ ಹಾಗೆ ಕಾಣುತ್ತಿದ್ದಳು. ನಗು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಕೈ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡು ಅವಳು ಹೇಳಿದ್ದು ಇಷ್ಟು:

“ಕಿವೀನೂ ಹೋದುವು ಬಿಡು.”

ಅವಳನ್ನು ಅಷ್ಟು ಸಣ್ಣ ದನಿಯಲ್ಲಿ ನಾನು ಕೇಳಿದ್ದಿಲ್ಲ. ಅದರ ನಕಲು ಇವತ್ತಿಗೂ ನನಗೆ ಬರುವುದಿಲ್ಲ. ಆಗ ಚಿಗವ್ವ ಅಂದಳು:

“ಹೋಗಿಲ್ಲರಿ, ಅತ್ತಿ. ನಂಗೂ ತಿಳೀಲಿಲ್ಲ. ಇಂವ ದನಿ ತಗದ್ರ ಸತ್ತ ನಮ್ಮವ್ವ ಬಂದಂಗ ಆತರಿ.”

ಅವಳ ಅಣ್ಣ ಬಾಯಿ ತೆರೆದು ಒಬ್ಬೊಬ್ಬರ ಮುಖ ನೋಡುತ್ತಿದ್ದ. ಆಯಿ ಸೊಸೆಯ ಕಡೆ ಮುಖ ಮಾಡಿದಳು.

“ಅವತ್ತ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ಲರಿ.”

ಆಯಿ ಡಬ್ಬಿ ತೆರೆದು ತಪಕೀರು ತೆಗೆದಳು, ಮೂಗಿನವರೆಗೆ ಒಯ್ದು, ಏರಿಸದೆ ಮತ್ತೆ ಡಬ್ಬಿಗೇ ಹಾಕಿದಳು. ಅತ್ತೆಯಾದವಳು ಸೊಸೆಗೆ ತಪ್ಪಾಯಿತು ಅಂದದ್ದು ನಮ್ಮ ಊರಲ್ಲಿ ಆಗ ಯಾರೂ ಕೇಳಿದ್ದಿಲ್ಲ, ಮೊದಲು ಅನ್ನುವವಳು ಆಯಿ ಆಗಲಿಲ್ಲ. ಅವಳು ಗೋಡೆ ಹಿಡಿದು ಎದ್ದಳು.

“ಏಳು. ನಿಮ್ಮಣ್ಣ ಹಸದಾನ. ಬಾಣಲಿ ಇಡು. ಈ ಬಹುರೂಪ್ಯಾನ ಬಾಯಾಗ ನೀರ ತುಂಬಸ್ರಿ, ವಡಿ ಮುಗಿಯೂತನಕ ನುಂಗಬಾರದು ಉಗಳಬಾರದು.”

ಇದು ನನಗೆ ಆದ ಶಿಕ್ಷೆ. ಅವ್ವ ಒಂದು ಲೋಟ ನೀರು ಬಾಯಿಗೆ ಹೊಯ್ದು ಒಲೆಯಿಂದ ದೂರ ಮೂಲೆಗೆ ಕೂರಿಸಿದಳು. ಎರಡೂ ಗಲ್ಲ ಉಬ್ಬಿಸಿಕೊಂಡು, ಎಲ್ಲರನ್ನೂ ಅಣಕಿಸುತ್ತಿದ್ದವನು ಈಗ ಕಪ್ಪೆಯ ಅಣಕವಾಗಿ ಕೂತೆ. ಮತ್ತೆ ಉಗುರು ಚುಚ್ಚಿ ಹಾಲು ನೋಡುವುದು, ಮತ್ತೆ ಒರಳು. ಒಮ್ಮೆ ಇಡಿಯ ಕಾಳೊಂದು ಬಾಣಲೆಯಲ್ಲಿ ಫಟ್ ಅಂತ ಸಿಡಿದು ಹಾರಿ ಬಂದು ನನ್ನ ಮೂಗಿಗೆ ತಗುಲಿತು. ಅರ್ಧ ನೀರು ನುಂಗಿದೆ, ಅರ್ಧ ಮೂಗಿನಿಂದ ಬಂತು. ಅವ್ವ ಮತ್ತೆ ತುಂಬಿಸಿದಳು. ಈ ಸಲ ಆಯಿಯ ಮಣೆ ಒಲೆಯ ಬದಿಗೇ ಬಂದಿತ್ತು. ಅರೆಬೆಂದ ವಡಿಗಳನ್ನು ತೆಗೆದು ಗೊಂಜಾಳದ ಸಿಪ್ಪೆಯ ಮೇಲೆ ಆರಲು ಇಟ್ಟಾಗ ಆಯಿ ಒಂದನ್ನು ಮುಟ್ಟಿದಳು, ಮೆತ್ತಗಿತ್ತು. ಕೇಳಿದಳು:

“ಇಷ್ಟನ?”

“ಇಲ್ಲರಿ, ಇನ್ನ ಅರ್ಧಾ ಐತ್ರಿ.”

“ಇದು ಅವತ್ತ ಗೊತ್ತಿರಲಿಲ್ಲ ನಂಗ.”

ಅಷ್ಟೇ ಅಂದಳು. ಚಿಗವ್ವ ವಡಿಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ, ಉರಿ ದೊಡ್ಡದು ಮಾಡಿ ಎರಡನೆಯ ಸಲ ಬಿಟ್ಟಳು. ಈಗಿನ ಸಪ್ಪಳ ಬೇರೆ, ಮೊದಲಿನ ಚೊಂಯ್ ಅಲ್ಲ, ದೂರದಲ್ಲಿ ಯಾರೋ ಕಾಳು ತೂರಿದ ಹಾಗೆ ಸಣ್ಣಗೆ, ಒಣಗಿದ್ದು. ಆಯಿ ಕಣ್ಣು ಮುಚ್ಚಿ ಕೇಳಿದಳು. ಯಾರೂ ಹೇಳದೆ ತಾನೇ ‘ಈಗ ತಗಿ’ ಅಂದಳು. ಅದೇ ಗಳಿಗೆಗೆ ಚಿಗವ್ವನ ಝಾರಿಯೂ ಎದ್ದಿತು. ಆಯಿ ಬಿಸಿ ವಡಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದಳು. ಕಟ್ ಅಂತ ಸಪ್ಪಳ ನನ್ನ ಮೂಲೆಯವರೆಗೆ ಬಂತು. ಬಾಯಲ್ಲಿ ಹಲ್ಲಿಲ್ಲದವಳು ಅದನ್ನು ಏನು ಮಾಡಬೇಕು? ಬಸಿಯ ಚಹಾದಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ತಿಂದಳು. ಎರಡು ಸಲ ಕರಿದ ಶ್ರಮವೆಲ್ಲ ಚಹಾದಲ್ಲಿ ಮುಳುಗಿದ್ದು ನೋಡಿ ಚಿಗವ್ವ ಬಾಯಿ ತೆರೆದಳು, ಆಮೇಲೆ ನಕ್ಕಳು, ಸೆರಗಿಲ್ಲದೆ, ಆ ಒರಟು ದನಿಯಲ್ಲೇ. ನಾನು ನೀರು ತುಂಬಿದ ಬಾಯಿಯಿಂದ ನಗಲು ಹೋಗಿ ಮತ್ತೊಮ್ಮೆ ಮೂಗಿನಿಂದ ನೀರು ಚಿಮ್ಮಿಸಿಕೊಂಡೆ.

ಅಣ್ಣ ಹನ್ನೊಂದು ವಡಿ ತಿಂದ. ನನಗೆ ಉಳಿದದ್ದು ಮೂರು. ಕೈ ತೊಳೆದು ಹೊರಟು ನಿಂತವನು ಸಂಕೋಚದಿಂದ ಕೇಳಿದ:

“ಅತ್ತಿ, ಏನರ ಕೆಲಸ ಇತ್ತೇನ್ರಿ, ಬಾ ಅಂತ ಬರಸಿದ್ದು?”

ಅವ್ವ ಅಡಿಗೆಮನೆಯ ಬಾಗಿಲಲ್ಲಿ, ಚಿಗವ್ವ ಅವಳ ಹಿಂದೆ. ನಡುಮನೆಯ ಮೂಲೆಯ ಗಂಟು ಇನ್ನೂ ಅಲ್ಲೇ ಇತ್ತು. ಆಯಿ ಗಂಟಲು ಸರಿ ಮಾಡಿಕೊಂಡಳು.

“ಇತ್ತು. ದೀಪಾವಳಿಗೆ ಬಂದು ತಂಗೀನ ಕರಕೊಂಡ ಹೋಗು. ನಾಕ ದಿನ. ಐದನೇ ದಿನಕ್ಕ ಕಳಸಲಿಲ್ಲಂದ್ರ ನಾನ ಚಕ್ಕಡಿ ಹೂಡಿಸಿಕೊಂಡ ಬರತೇನಿ, ಈ ಕಣ್ಣಿಲೆ.”

“ಆತ್ರಿ” ಅಂದ ಅವನು, ಇದಕ್ಕಾಗಿ ಇಷ್ಟು ದೂರ ಕರೆಸಿದರೇ ಅನ್ನುವ ಮುಖದಲ್ಲಿ, ಬರಿದಾದ ಚೀಲ ಹೆಗಲಿಗೆ ಹಾಕಿ ನಡೆದ. ಚಿಗವ್ವ ಕಟ್ಟೆಯವರೆಗೆ ಹೋಗಿ ನಿಂತಳು. ಓಣಿಯ ಕಟ್ಟೆಗಳ ಮೇಲೆ ಬಿಸಿಲು ಇಳಿದ ಹೊತ್ತಿನ ಮಂದಿ ಕೂತಿದ್ದರು. ಅಣ್ಣ ಮೂಲೆ ತಿರುಗಬೇಕು, ಅಷ್ಟರಲ್ಲಿ ಅವಳಿಗೆ ಏನೋ ನೆನಪಾಯಿತು. ಮದುವೆಯಾಗಿ ಬಂದ ಮೇಲೆ ಹೊಸ್ತಿಲ ಹೊರಗೆ ಒಂದು ಮಾತೂ ಆಡದಿದ್ದ ಚಿಗವ್ವ ಅಂಗಳಕ್ಕೆ ಇಳಿದು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು:

“ಅಣ್ಣಾ! ನರಗುಂದದಾಗ ನಿದ್ದಿ ಮಾಡಬ್ಯಾಡೋ! ಮೋಟಾರ ಬದಲಿ ಮಾಡೋ!”

ಓಣಿಯ ಮಂದಿಯೆಲ್ಲ ತಿರುಗಿ ನೋಡಿದರು. ಎದುರು ಮನೆಯ ಎತ್ತು ಮೇವು ಬಿಟ್ಟು ತಲೆ ಎತ್ತಿತು. ಅಣ್ಣ ಕೈ ಎತ್ತಿ ಮೂಲೆ ತಿರುಗಿದ. ಒಳಗೆ ಪಡಸಾಲೆಯಿಂದ ಆಯಿ ಅಂದಳು:

“ಕೇಳಿಸ್ತು ಬಿಡವಾ. ನರಗುಂದದ ಮಂದಿ ಈಗ ಮೋಟಾರ ನಿಲ್ಲಿಸಿಕೊಂಡ ಕುಂತಿರತಾರ.”